ಬೀದಿಯ ಚಿತ್ರವೂ ಊರುಗೋಲೂ

ಛಾಯಾಚಿತ್ರ ತೆಗೆಯುವ ಹವ್ಯಾಸವು ಈಗ ನಮ್ಮ ಕೊಡಗಿನಲ್ಲಿ ಮನೆಮನೆಗೂ ಹಬ್ಬಿರುವುದು. ಕೈಯಲ್ಲಿ ಮೊಬೈಲು ಇರುವವರೆಲ್ಲರೂ ಛಾಯಾಗ್ರಾಹಕರೇ. ಅವರಲ್ಲಿ ತುಸು ಮುಂದುವರಿದವರು ಬಳಗಗಳನ್ನು ಕಟ್ಟಿಕೊಂಡು, ಕೂಟಗಳನ್ನು ನಡೆಯಿಸಿ, ಬಹುಮಾನಗಳನ್ನು ಹಂಚುತ್ತಲೂ ಇದ್ದಾರೆ. ಸಂತೋಷದ ಸಂಗತಿಯೇ. ಆದರೆ ಇಂತಹ ಕೂಟಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಸಿದ್ಧಾಂತವುಂಟು. ಅದನ್ನು ಖಂಡಿಸುವುದಕ್ಕಾಗಿಯೇ ಈ ಲೇಖನವನ್ನು ಬರೆಯಬೇಕಾಗಿ ಬಂದಿದೆ. ಬೀದಿಯ ಚಿತ್ರ ತೆಗೆಯುವುದು ಚುರುಕುಗಾಲಿನವರ ವಿದ್ಯೆಯಂತೆ. ಊರೂರು ಅಲೆದು, ಗುಂಪಿನಲ್ಲಿ ನುಸುಳಿ, ಯಾರ ಕಣ್ಣಿಗೂ ಬೀಳದೆ, ಗಳಿಗೆ ತಪ್ಪದಂತೆ ಗುಂಡಿಯೊತ್ತಬಲ್ಲವನೇ ಅದಕ್ಕೆ ಅರ್ಹನಂತೆ. ಕಾಲು ಸ್ವಾಧೀನವಿಲ್ಲದವರು, ಒಂದೇ ಕೈಯವರು, ಗಾಲಿಕುರ್ಚಿಯವರು ಹಿತ್ತಿಲಿನ ಹೂವನ್ನೋ ಕಿಟಕಿಯ ಗುಬ್ಬಿಯನ್ನೋ ತೆಗೆದುಕೊಂಡು ತೃಪ್ತರಾಗುವುದು ಲೇಸಂತೆ. ಹೀಗೆಂದು ಮುಖಕ್ಕೆ ಹೇಳುವವರು ಕೆಲವರು; ಕನಿಕರದ ಬಟ್ಟೆಯಲ್ಲಿ ಸುತ್ತಿ ಹೇಳುವವರು ಹಲವರು. ನನಗೆ ಮೊದಲನೆಯವರೇ ಮೇಲು.

ಬಾಲ್ಯದಲ್ಲಿ ಬಂದ ಪೋಲಿಯೋ ನನ್ನ ಬಲಗಾಲನ್ನು ಬಾಡಿಸಿ ಹೋಯಿತು. ಅಂದಿನಿಂದ ಊರುಗೋಲೇ ಗತಿ. ಕಂಕುಳಲ್ಲಿ ಅದನ್ನೂ ಕೊರಳಲ್ಲಿ ಕ್ಯಾಮರಾವನ್ನೂ ಹಾಕಿಕೊಂಡು ಮಂಗಳೂರು, ಮೈಸೂರು, ಧಾರವಾಡ, ಕಾಸರಗೋಡುಗಳ ಬೀದಿಗಳನ್ನು ಕಂಡಿದ್ದೇನೆ. ನಮ್ಮ ಮಡಿಕೇರಿಯ ಏರಿಳಿತಗಳನ್ನಂತೂ ಅಂಗುಲ ಅಂಗುಲವಾಗಿ ಬಲ್ಲೆ. ಆದುದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಆಡಲು ನನಗೆ ಅಧಿಕಾರವಿದೆಯೆಂದು ನಂಬಿದ್ದೇನೆ.

ಮೊದಲು ಸಿದ್ಧಾಂತವನ್ನೇ ನೋಡೋಣ. ಇದನ್ನು ಹೇಳುವವರು ಆಧಾರವಾಗಿ ಹಿಡಿಯುವುದು ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸೋನ್ ಎಂಬ ಮಹಾಶಯನನ್ನು. ಆತನ ಪುಸ್ತಕವು ೧೯೫೨ರಲ್ಲಿ ಹೊರಬಂದಿತು. ಅದರ ಇಂಗ್ಲಿಷ್ ಹೆಸರಿನಿಂದ ಹುಟ್ಟಿದ ‘ನಿರ್ಣಾಯಕ ಕ್ಷಣ’ ಎಂಬ ಮಾತು ಇಂದು ಎಲ್ಲರ ಬಾಯಲ್ಲಿಯೂ ಮಂತ್ರವಾಗಿದೆ. ಕ್ಷಣವನ್ನು ಹಿಡಿಯಬೇಕಾದರೆ ಓಡಬೇಕು ಎಂದು ನಮ್ಮವರು ಅದಕ್ಕೆ ಭಾಷ್ಯ ಬರೆದಿದ್ದಾರೆ. ಆದರೆ ಆತನ ಜಗತ್ಪ್ರಸಿದ್ಧವಾದ ೧೯೩೨ರ ಚಿತ್ರವನ್ನು ಸ್ವಲ್ಪ ತಾಳ್ಮೆಯಿಂದ ನೋಡಿರಿ. ಪ್ಯಾರಿಸಿನ ರೈಲುನಿಲ್ದಾಣವೊಂದರ ಹಿಂದೆ, ನಿಂತ ನೀರಿನ ಮೇಲೆ ಒಬ್ಬ ಮನುಷ್ಯನು ನೆಗೆಯುತ್ತಿದ್ದಾನೆ. ನೆಗೆದವನು ಚಿತ್ರದೊಳಗಿನವನು. ಚಿತ್ರ ತೆಗೆದವನೋ, ಹಲಗೆಬೇಲಿಯ ಸಂದಿಗೆ ಕ್ಯಾಮರಾವನ್ನು ಒಡ್ಡಿ ನಿಂತಿದ್ದನು! ಅಷ್ಟು ನಿಲ್ಲುವುದು ಊರುಗೋಲಿನವನಿಂದಲೂ ಆಗುವ ಕೆಲಸ. ಗಾಲಿಕುರ್ಚಿಯವನಿಗಾದರೆ ಇನ್ನೂ ಸಲೀಸು, ಏತಕ್ಕೆಂದರೆ ಅವನಿಗೆ ನಿಂತು ದಣಿಯುವ ಕಷ್ಟವೂ ಇಲ್ಲ.

ಪ್ರಾಗ್ ಪಟ್ಟಣದ ಯೋಸೆಫ್ ಸುದೆಕ್ (೧೮೯೬–೧೯೭೬) ಎಂಬಾತನ ಹೆಸರನ್ನು ಈ ಸಿದ್ಧಾಂತಿಗಳು ಕೇಳಿರುವರೋ ಇಲ್ಲವೋ ಅರಿಯೆ. ಆತನು ಕಲಿತದ್ದು ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬನ್ನು. ಮೊದಲನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗಕ್ಕೆ ಹೋಗಿ ಬಲಗೈಯನ್ನು ಅಲ್ಲಿಯೇ ಬಿಟ್ಟು ಬಂದನು. ರಟ್ಟು ಕಟ್ಟುವುದಕ್ಕೆ ಎರಡು ಕೈ ಬೇಕು. ಆ ಕಸುಬು ತಪ್ಪಿತು, ಛಾಯಾಗ್ರಹಣವು ಒದಗಿತು. ೧೯೨೬ರಲ್ಲಿ ಸಂಗೀತಗಾರ ಗೆಳೆಯರೊಡನೆ ಮತ್ತೆ ಇಟಲಿಗೆ ಹೋದಾಗ, ಅವರನ್ನು ಬಿಟ್ಟು ತಾನು ಗಾಯಗೊಂಡ ಹೊಲವನ್ನು ಹುಡುಕಿಕೊಂಡು ಒಬ್ಬನೇ ಅಲೆದನೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಅಲ್ಲಿಂದ ಹಿಂದಿರುಗಿದ ಮೇಲೆ ಪ್ರಾಗಿನ ಬೀದಿಗಳೇ ಅವನ ಲೋಕವಾದವು. ಅಂಗೈಯಲ್ಲಿ ಅಡಗುವ ಪುಟ್ಟ ಕ್ಯಾಮರಾಗಳು ಪೇಟೆಗೆ ಬಂದ ಕಾಲದಲ್ಲಿಯೂ ಆತನು ಮರದ ದೊಡ್ಡ ಕ್ಯಾಮರಾವನ್ನೂ ಅದರ ಮುಕ್ಕಾಲಿಯನ್ನೂ ಒಂದೇ ತೋಳಿನಲ್ಲಿ ಹೊತ್ತು, ಸೇತುವೆಗಳ ಮೇಲೆ, ಓಣಿಗಳ ತುದಿಯಲ್ಲಿ, ಬೆಳಕು ಬರುವವರೆಗೆ ಕಾದಿರುತ್ತಿದ್ದನು. ೧೯೫೯ರಲ್ಲಿ ಅಚ್ಚಾದ ಅವನ ಪ್ರಾಗಿನ ಅಗಲಚಿತ್ರಗಳ ಪುಸ್ತಕವನ್ನು ಕಂಡವರು, ಅದನ್ನು ಮಾಡಿದವನಿಗೆ ಎಷ್ಟು ಕೈಗಳಿದ್ದುವು ಎಂದು ಎಣಿಸಲು ಹೋಗುವುದಿಲ್ಲ.

ಅಮೆರಿಕೆಯ ಡೊರೋಥಿಯಾ ಲ್ಯಾಂಗ್ (೧೮೯೫–೧೯೬೫) ಎಂಬಾಕೆಗೆ ಏಳನೆಯ ವಯಸ್ಸಿನಲ್ಲಿ ಪೋಲಿಯೋ ತಗುಲಿ ಬಲಗಾಲು ಕುಂಟಾಯಿತು. ಆಕೆಯು ಅದೇ ಕಾಲಿನಿಂದ, ಸರ್ಕಾರದ ಕೆಲಸದ ಮೇಲೆ, ಬರಗಾಲದ ಸೀಮೆಗಳಲ್ಲಿ ಸಾವಿರಾರು ಮೈಲಿ ತಿರುಗಿದಳು. ೧೯೩೬ರಲ್ಲಿ ಕ್ಯಾಲಿಫೋರ್ನಿಯದ ಬಟಾಣಿ ಕೀಳುವವರ ಬಿಡಾರದಲ್ಲಿ ಆಕೆ ತೆಗೆದ ಒಬ್ಬ ತಾಯಿಯ ಚಿತ್ರವನ್ನು ಕಾಣದ ಛಾಯಾಗ್ರಾಹಕನಿಲ್ಲ. ತನ್ನನ್ನು ರೂಪಿಸಿದ್ದೇ ಆ ಕುಂಟುಗಾಲು ಎಂಬ ಅರ್ಥದ ಮಾತನ್ನು ಆಕೆಯೇ ಹೇಳಿದುದುಂಟು. ಇತ್ತೀಚಿನ ಉದಾಹರಣೆ ಬೇಕಾದರೆ, ೨೦೧೦ರಲ್ಲಿ ಆಫ್ಘಾನಿಸ್ತಾನದಲ್ಲಿ ನೆಲಬಾಂಬಿಗೆ ಎರಡು ಕಾಲುಗಳನ್ನೂ ಕಳೆದುಕೊಂಡ ಜುವಾವ್ ಸಿಲ್ವಾ ಎಂಬಾತನು ಮರುವರ್ಷವೇ ಕೃತಕ ಕಾಲುಗಳ ಮೇಲೆ ನಿಂತು ವೃತ್ತಿಗೆ ಹಿಂದಿರುಗಿದನು. ಇವರನ್ನು ಪವಾಡಪುರುಷರೆಂದು ಹಾರ ಹಾಕಿ ಬದಿಗೆ ಕೂರಿಸಬೇಡಿರೆಂದು ಬೇಡುತ್ತೇನೆ. ಹಾರ ಹಾಕುವುದು ಬಾಯಿ ಮುಚ್ಚಿಸುವ ಸುಲಭವಾದ ಉಪಾಯ. ಇವರು ಕೆಲಸಗಾರರು, ಕೆಲಸಕ್ಕೆ ಬೇಕಾದ ದಾರಿ ಇವರಿಗೆ ದೊರೆತಿತ್ತು.

ಇನ್ನು ಯಾರ ಕಣ್ಣಿಗೂ ಬೀಳಬಾರದೆಂಬ ಮಾತು. ಸ್ವಾಮಿ, ಊರುಗೋಲಿನವನು ಬೀದಿಗೆ ಇಳಿದರೆ ಇಡೀ ಬೀದಿಯು ಅವನನ್ನೇ ನೋಡುವುದು. “ಹುಟ್ಟಿನಿಂದಲೋ, ಆಮೇಲೆ ಆದುದೋ?” ಎಂಬ ಪ್ರಶ್ನೆಗೆ ನಾನು ಎಷ್ಟು ಊರುಗಳಲ್ಲಿ ಉತ್ತರ ಹೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಮೊದಲು ಸಿಟ್ಟು ಬರುತ್ತಿತ್ತು. ಈಗ ಅದನ್ನೇ ಮುಯ್ಯಿಯೆಂದು ಭಾವಿಸಿದ್ದೇನೆ. ಅವರು ನನ್ನನ್ನು ನೋಡಿದರು. ಇನ್ನು ನಾನು ಅವರನ್ನು ನೋಡಬಹುದು. ಶುಕ್ರವಾರದ ಮಡಿಕೇರಿಯ ಸಂತೆಯಲ್ಲಿ ಯಾರಾದರೊಬ್ಬರು “ಕೂತ್ಕೊಳ್ಳಿ ಅಣ್ಣ, ಎಷ್ಟು ಹೊತ್ತು ನಿಲ್ತೀರಿ” ಎಂದು ಗೋಣಿಚೀಲವನ್ನು ಮಡಿಸಿ ಹಾಕದೆ ಇರುವುದಿಲ್ಲ. ಕುಳಿತವನಿಗೆ ಕಾಣುವ ಸಂತೆಯೇ ಬೇರೆ. ನಿಂತವರಿಗೆ ತಲೆಗಳೂ ಟೋಪಿಗಳೂ ಕೊಡೆಗಳೂ ಕಾಣುವುವು. ಕುಳಿತವನಿಗೆ ಕೈಗಳು ಕಾಣುವುವು. ಜೀರಿಗೆಮೆಣಸನ್ನು ಚಿಟಿಕೆಯಲ್ಲಿ ಆಯುವ ಕೈ, ಆಷಾಢದ ಕಳಲೆಯ ಸಿಪ್ಪೆಯನ್ನು ಪದರಪದರವಾಗಿ ಬಿಡಿಸುವ ಕೈ, ಮರಕೆಸದ ಎಲೆಗಳನ್ನು ಕಟ್ಟಾಗಿ ಬಾಳೆನಾರಿನಿಂದ ಬಿಗಿಯುವ ಕೈ, ಕಕ್ಕಡ ಹದಿನೆಂಟರ ಹಿಂದಿನ ದಿನಗಳಲ್ಲಿ ಮದ್ದುಸೊಪ್ಪನ್ನು ಹರವಿ ನೀರು ಚಿಮುಕಿಸುವ ಕೈ. ತಾಯಿಯ ಸೆರಗು ಹಿಡಿದ ಕೂಸಿನ ಮುಖವು ನನ್ನ ಮುಖದ ಮಟ್ಟಕ್ಕೇ ಬರುವುದು. ಸಂತೆಯಲ್ಲಿ ಓಡಾಡುವ ನಮ್ಮ ಚುರುಕುಗಾಲಿನ ಮಿತ್ರರು ತರುವ ಚಿತ್ರಗಳಲ್ಲಿ ಇವುಗಳನ್ನು ಕಂಡುದು ಅಪರೂಪ. ಅವರು ತರುವುದು ಬಹುಮಟ್ಟಿಗೆ ಬೆನ್ನುಗಳನ್ನು.

ಕದ್ದು ತೆಗೆಯುವುದರಲ್ಲಿ ಅನ್ಯಾಯದ ಒಂದು ಅಂಶವಿದೆಯೆಂಬುದನ್ನು ಹೇಳದೆ ಬಿಡಲಾರೆ. ಬೀದಿಯ ಛಾಯಾಗ್ರಹಣದ ಇತಿಹಾಸದಲ್ಲಿ ಆದ್ಯವೆಂದು ಎಣಿಸುವ ಚಿತ್ರಗಳಲ್ಲಿ ಒಂದು ೧೯೧೬ರಲ್ಲಿ ನ್ಯೂಯಾರ್ಕಿನ ಪಾಲ್ ಸ್ಟ್ರ್ಯಾಂಡ್ ಎಂಬಾತನು ತೆಗೆದುದು. ಕೊರಳಿಗೆ ‘ಕುರುಡಿ’ ಎಂಬ ಫಲಕವನ್ನು ತೂಗುಹಾಕಿಕೊಂಡ ಹೆಂಗಸಿನ ಮುಖ. ಎದುರಿನವರಿಗೆ ತಿಳಿಯದಂತೆ ತೆಗೆಯುವ ಸಾಧನವನ್ನು ಕ್ಯಾಮರಾಕ್ಕೆ ಅಳವಡಿಸಿಕೊಂಡು ಆತನು ಅಂತಹ ಚಿತ್ರಗಳನ್ನು ತೆಗೆದನು. ಚಿತ್ರವು ದೊಡ್ಡದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ದೊಡ್ಡ ಚಿತ್ರದ ಮಕ್ಕಳುಮರಿಗಳು ನೂರು ವರ್ಷಗಳ ಮೇಲೂ ನಮ್ಮ ಪ್ರದರ್ಶನಗಳ ಗೋಡೆಗಳನ್ನು ಬಿಟ್ಟಿಲ್ಲ. ದೇವಸ್ಥಾನದ ಬಾಗಿಲಿನ ಹೆಳವ, ಜಾತ್ರೆಯ ಕುರುಡ, ಕುಷ್ಠದ ಬೆರಳುಗಳಲ್ಲಿ ಹಿಡಿದ ಬಟ್ಟಲು. ಅವಕ್ಕೆ ‘ಬದುಕು’, ‘ಛಲ’, ‘ನಿರೀಕ್ಷೆ’ ಎಂಬ ಹೆಸರು. ಕೆಳಗೆ ಬಹುಮಾನದ ಚೀಟಿ. ಅಂಗವಿಕಲನು ಚಿತ್ರದೊಳಗೆ ಬರಬಹುದು, ಕ್ಯಾಮರಾದ ಹಿಂದೆ ಬರಕೂಡದು ಎಂಬುದೇ ಈ ವ್ಯವಸ್ಥೆಯ ತಾತ್ಪರ್ಯ. ತೀರ್ಪುಗಾರ ಮಹನೀಯರು ಇಂತಹ ಚಿತ್ರಗಳ ಮುಂದೆ ನಿಂತಾಗ, ಕುಳಿತ ಆ ಮನುಷ್ಯನಿಗೆ ತನ್ನ ಚಿತ್ರವು ಇಲ್ಲಿ ತೂಗುತ್ತಿರುವುದು ಗೊತ್ತೇ ಎಂಬ ಒಂದು ಪ್ರಶ್ನೆಯನ್ನು ತೆಗೆದವನಿಗೆ ಕೇಳಲಿ. ಅರ್ಧ ಗೋಡೆ ಖಾಲಿಯಾಗುವುದು.

ನಮ್ಮ ಕನ್ನಡನಾಡು ಈ ವಿಷಯದಲ್ಲಿ ಎಂದೂ ಹೃದಯಹೀನವಾಗಿರಲಿಲ್ಲ. ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳು (೧೮೯೨–೧೯೪೪) ಊರಿಂದೂರಿಗೆ ಸಂಚರಿಸಿ ಹಾಡಿದರು, ನಾಟಕದ ಕಂಪನಿಯನ್ನೂ ನಡೆಯಿಸಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಯಿಸಿ ಎಷ್ಟೋ ಮಂದಿ ಅಂಧರಿಗೆ ವಿದ್ಯೆಯಿತ್ತರು. ಕಣ್ಣಿಲ್ಲದವರು ಹಾಡಬಲ್ಲರೆಂದು ಒಪ್ಪಿದ ಜನ ನಾವು. ಕಾಲಿಲ್ಲದವರು ನೋಡಬಲ್ಲರೆಂದು ಒಪ್ಪುವುದಕ್ಕೆ ಏತಕ್ಕೆ ಹಿಂಜರಿಯುತ್ತೇವೆಯೋ ನನಗೆ ಅರ್ಥವಾಗದು.

ಹಾಗಾದರೆ ಅಡ್ಡಿಯೇ ಇಲ್ಲವೇ ಎಂದರೆ, ಉಂಟು. ಅದು ಕಾಲಿನಲ್ಲಿಲ್ಲ, ಮೆಟ್ಟಿಲಿನಲ್ಲಿದೆ. ಅಬ್ಬಿಯ ಜಲಪಾತಕ್ಕೆ ಇಳಿಯುವ ಮೆಟ್ಟಿಲುಗಳ ವಿಷಯದಲ್ಲಿಯೂ ತಲಕಾವೇರಿಯ ಬ್ರಹ್ಮಗಿರಿಯ ಮೆಟ್ಟಿಲುಗಳ ವಿಷಯದಲ್ಲಿಯೂ ನನ್ನ ತಗಾದೆಯಿಲ್ಲ. ಬೆಟ್ಟಗಳನ್ನು ನಿರ್ಮಿಸಿದವನು ನಗರಸಭೆಯ ಅಧಿಕಾರಿಯಲ್ಲ. ಬೀದಿಯನ್ನಾದರೋ ಮನುಷ್ಯರೇ ಮಾಡಿದರು. ನಮ್ಮ ಜಿಲ್ಲೆಯ ಪೇಟೆಗಳಲ್ಲಿ ಚರಂಡಿಯ ಮೇಲೆ ಹಾಸಿದ ಚಪ್ಪಡಿಗೇ ಕಾಲುದಾರಿಯೆಂದು ಹೆಸರು. ಒಂದು ಚಪ್ಪಡಿ ಮೇಲೆ, ಮತ್ತೊಂದು ಕೆಳಗೆ, ಮೂರನೆಯದು ಇರುವುದೇ ಇಲ್ಲ. ಮಳೆಗಾಲದಲ್ಲಿ ಅವುಗಳ ಮೇಲೆ ಪಾಚಿ. ಊರುಗೋಲಿನ ತುದಿಯ ರಬ್ಬರು ಪಾಚಿಯ ಮೇಲೆ ಹೇಗೆ ಜಾರುವುದೆಂಬುದನ್ನು ಬಿದ್ದವನೇ ಬಲ್ಲ. ಒಂದು ಕೈಗೆ ಕೋಲು, ಒಂದು ಕೈಗೆ ಕೊಡೆ. ಕ್ಯಾಮರಾಕ್ಕೆ ಮೂರನೆಯ ಕೈಯನ್ನು ದೇವರು ಕೊಟ್ಟಿಲ್ಲವಾದುದರಿಂದ ಜೂನಿನಿಂದ ಸೆಪ್ಟೆಂಬರಿನವರೆಗೆ ನಾನು ಅಂಗಡಿಯ ಜಗಲಿಗಳ ಆಶ್ರಿತ. ಆ ಜಗಲಿಗೂ ಮೂರು ಮೆಟ್ಟಿಲು.

“ಬೆಟ್ಟದ ಊರು, ಏನು ಮಾಡುವುದು?” ಎಂಬುದು ಅಧಿಕಾರಿಗಳ ನಿತ್ಯಪಾರಾಯಣ. ಏನು ಮಾಡುವುದೆಂಬುದು ನಮ್ಮ ಕಾಫಿ ವರ್ತಕರಿಗೆ ಚೆನ್ನಾಗಿ ಗೊತ್ತು. ಮೂಟೆ ತಳ್ಳುವ ಗಾಡಿಗಾಗಿ ಗೋದಾಮಿನ ಬಾಗಿಲಲ್ಲಿ ಇಳಿಜಾರನ್ನು ಅವರು ಕಟ್ಟಿಸುತ್ತಾರೆ. ಐವತ್ತು ಕಿಲೋ ಕಾಫಿಗೆ ದೊರೆತ ಸೌಕರ್ಯವು ಐವತ್ತು ಕಿಲೋ ಮನುಷ್ಯನಿಗೆ ದೊರೆಯದಿರುವುದು ಬೆಟ್ಟದ ದೋಷವೇ? ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು ಎಂಬುದು ಒಪ್ಪಿತವಾದ ಲೆಕ್ಕ. ಅರ್ಧ ಅಡಿಯ ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ. ಇದಕ್ಕೆ ಶಿಲ್ಪಶಾಸ್ತ್ರ ಬೇಕಾಗಿಲ್ಲ, ಎರಡು ಗಾಡಿ ಜಲ್ಲಿಯೂ ಒಬ್ಬ ಮೇಸ್ತ್ರಿಯೂ ಸಾಕು.

ಕಾಯಿದೆಯಿಲ್ಲವೆಂದು ಯಾರೂ ಹೇಳುವಂತಿಲ್ಲ. ೧೯೯೫ರಲ್ಲಿ ಒಂದು ಕಾಯಿದೆ ಬಂದಿತು. ಅದರ ಬದಲಿಗೆ ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ ಬಂದು ೨೦೧೭ರ ಏಪ್ರಿಲ್ ೧೯ರಿಂದ ಜಾರಿಯಲ್ಲಿದೆ. ಅದರ ೪೫ನೆಯ ಪ್ರಕರಣದಂತೆ, ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳೆಲ್ಲವನ್ನೂ ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಎಲ್ಲರೂ ಪ್ರವೇಶಿಸುವಂತೆ ಮಾಡಬೇಕಾಗಿತ್ತು. ನಿಯಮಗಳು ೨೦೧೭ರ ಜೂನಿನಲ್ಲಿ ಪ್ರಕಟವಾದುವು. ಐದು ವರ್ಷವು ೨೦೨೨ರಲ್ಲಿ ತೀರಿತು. ಸಾಹಿತ್ಯದ ಪತ್ರಿಕೆಯಲ್ಲಿ ಕಾಯಿದೆಯ ಮಾತೇಕೆ ಎನ್ನುವವರಿಗಾಗಿ ೨೯ನೆಯ ಪ್ರಕರಣವನ್ನೂ ಹೇಳಿಬಿಡುತ್ತೇನೆ: ಅಂಗವಿಕಲರಾದ ಕಲಾವಿದರಿಗೂ ಲೇಖಕರಿಗೂ ತಮ್ಮ ಪ್ರತಿಭೆಯನ್ನು ಬೆಳೆಸಿಕೊಳ್ಳಲು ಬೇಕಾದ ಸೌಕರ್ಯವನ್ನೂ ಆಶ್ರಯವನ್ನೂ ಸರ್ಕಾರವು ಒದಗಿಸತಕ್ಕದ್ದೆಂದು ಅಲ್ಲಿ ಬರೆದಿದೆ. ದೃಷ್ಟಿಹೀನರಾದ ರಾಜೀವ್ ರತೂರಿಯವರು ೨೦೦೫ರಲ್ಲಿಯೇ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ೨೦೧೭ರಲ್ಲಿ ಆಜ್ಞೆಯಾಯಿತು, ಅದು ಸರಿಯಾಗಿ ನಡೆಯಲಿಲ್ಲವೆಂದು ೨೦೨೪ರ ನವೆಂಬರ್ ೮ರಂದು ಮತ್ತೆ ತೀರ್ಪಾಯಿತು. ಕಾಯಿದೆಯು ಆಜ್ಞೆ ಮಾಡುತ್ತಿರುವಲ್ಲಿ ನಿಯಮವು ಬರಿಯ ಸಲಹೆ ಹೇಳುತ್ತಿದೆಯೆಂದು ನ್ಯಾಯಾಲಯವೇ ಆ ನಿಯಮವನ್ನು ತಳ್ಳಿಹಾಕಿತು. ಹತ್ತೊಂಬತ್ತು ವರ್ಷ! ಈ ನಡುವೆ ನಮ್ಮ ಹೆಸರು ಮಾತ್ರ ಅಂಗವಿಕಲರಿಂದ ವಿಕಲಚೇತನರಿಗೆ, ಅಲ್ಲಿಂದ ವಿಶೇಷಚೇತನರಿಗೆ, ೨೦೧೫ರಲ್ಲಿ ದಿವ್ಯಾಂಗರಿಗೆ ಏರುತ್ತ ಹೋಯಿತು. ಹೆಸರಿಗೆ ಮೆಟ್ಟಿಲು ಹತ್ತುವ ಶಕ್ತಿಯಿದೆಯೆಂದು ಕಾಣುತ್ತದೆ.

ಮನಸ್ಸು ಬಂದರೆ ಎಷ್ಟು ಬೇಗ ಆಗುವುದೆಂಬುದಕ್ಕೆ ನಿದರ್ಶನವಿದೆ. ೨೦೦೧ರ ಜನವರಿಯಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗರು ದೆಹಲಿಗೆ ಬಂದಾಗ, ಜಾವೇದ್ ಅಬಿದಿಯವರ ಹೋರಾಟದಿಂದಾಗಿ, ಕೆಂಪುಕೋಟೆ, ಕುತುಬ್ ಮಿನಾರು ಮೊದಲಾದ ಸ್ಮಾರಕಗಳಲ್ಲಿ ಮರದ ಇಳಿಜಾರುಗಳು ತರಾತುರಿಯಲ್ಲಿ ಸಿದ್ಧವಾದುವು. ಅತಿಥಿಗಾಗಿ ಬಂದ ಹಲಗೆ ನಿವಾಸಿಗೂ ಬರಲಿ ಎಂಬುದಿಷ್ಟೇ ಪ್ರಕೃತ ಪ್ರಾರ್ಥನೆ.

ಪ್ರಯಾಣದ ಕಥೆ ಇನ್ನೊಂದು. ನಮ್ಮ ಜಿಲ್ಲೆಗೆ ರೈಲಿಲ್ಲ, ಬಸ್ಸೇ ಗತಿ. ಬಸ್ಸಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿಗಿಂತ ಮೇಲೆ. ಕಂಡಕ್ಟರರು ಬಹಳ ಮಂದಿ ಒಳ್ಳೆಯವರೇ, ಕೈಹಿಡಿದು ಎತ್ತಿಕೊಳ್ಳುವರು. ಆದರೆ ಒಳ್ಳೆಯತನವನ್ನು ನಂಬಿ ಪ್ರಯಾಣ ಹೊರಡುವುದು ಹವಾಮಾನವನ್ನು ನಂಬಿ ಕಾಫಿ ಒಣಗಿಸಿದಂತೆ. ರಾಜ್ಯ ಸಾರಿಗೆಯ ರಿಯಾಯತಿ ಪಾಸು ಬಹುಕಾಲದಿಂದ ವಾಸಸ್ಥಳದಿಂದ ೧೦೦ ಕಿಲೋಮೀಟರಿನವರೆಗೆ ಎಂಬ ಕಟ್ಟಿನದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು ೧೨೦. ಹುಣಸೂರು ದಾಟಿ ಇನ್ನೇನು ಮೈಸೂರು ಬಂದಿತೆನ್ನುವಷ್ಟರಲ್ಲಿ ಕೊಡಗಿನ ಕುಂಟನ ಹಕ್ಕು ಮುಗಿಯುತ್ತದೆ! ದೊಡ್ಡ ಆಸ್ಪತ್ರೆ, ರೈಲು, ಕ್ಯಾಮರಾ ರಿಪೇರಿ, ಎಲ್ಲವೂ ಆ ಉಳಿದ ಇಪ್ಪತ್ತು ಕಿಲೋಮೀಟರಿನ ಆಚೆ. ರೇಖೆಯನ್ನು ಎಳೆದವರು ಭೂಪಟವನ್ನು ನೋಡಿದಂತಿಲ್ಲ.

ಕ್ಯಾಮರಾ ತಯಾರಕರಿಗೂ ಒಂದು ಮಾತು. ಇಂದಿನ ಕ್ಯಾಮರಾಗಳೆಲ್ಲವೂ ಬಲಗೈಗೆಂದೇ ಮಾಡಿದುವು. ಹಿಡಿಯೂ ಬಲಕ್ಕೆ, ಗುಂಡಿಯೂ ಬಲಕ್ಕೆ. ಪಾರ್ಶ್ವವಾಯುವಿನಿಂದ ಬಲಗೈ ಸೋತವರು ಏನು ಮಾಡಬೇಕು? ಇದು ಆಗದ ಕೆಲಸವೆಂದೇನೂ ಇಲ್ಲ. ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ೧೯೩೬ರಲ್ಲಿಯೇ ಬಂದ ಕಿನೆ ಎಕ್ಸಾಕ್ಟಾ ಎಂಬ ಕ್ಯಾಮರಾದಲ್ಲಿ ಗುಂಡಿಯೂ ಫಿಲ್ಮು ಸುತ್ತುವ ಸನ್ನೆಯೂ ಎಡಗೈಗೇ ಇದ್ದುವು. ಮೇಲಿನಿಂದ ಬಗ್ಗಿ ನೋಡುವ ರೋಲಿಫ್ಲೆಕ್ಸ್ (೧೯೨೯) ಗಾಲಿಕುರ್ಚಿಯವನ ತೊಡೆಯ ಮೇಲೆ ತಾನಾಗಿ ಕುಳಿತುಕೊಳ್ಳುವಂತಹುದು. ಈಗ ಮೊಬೈಲು ಬಂದು ಕೆಲವರ ಪಾಡು ಹಗುರಾಗಿದೆ. ಬಾಯಿಂದ ಹೇಳಿದರೂ ಅದು ಚಿತ್ರ ತೆಗೆಯುವುದು. ಕಂಪನಿಗಳು ಕನಿಕರದಿಂದ ಇದನ್ನು ಮಾಡಲಿಲ್ಲ. ಎರಡು ಕೈಯವರ ಸೋಮಾರಿತನಕ್ಕಾಗಿ ಮಾಡಿದ್ದು ನಮಗೂ ಒದಗಿತು.

ಮುಕ್ಕಾಲಿಯ ವಿಷಯ ಹೇಳದಿದ್ದರೆ ಹೊಟ್ಟೆಯುಬ್ಬರ ತೀರದು. ಸಂರಕ್ಷಿತ ಸ್ಮಾರಕಗಳಲ್ಲಿ ಮುಕ್ಕಾಲಿಯನ್ನು ಊರಬೇಕಾದರೆ ಮುಂಚಿತವಾಗಿ ಅಪ್ಪಣೆ ಪಡೆಯಬೇಕು. ಸಿನಿಮಾದವರ ಹಾವಳಿಯನ್ನು ತಡೆಯಲು ಇದು ಸರಿಯಿರಬಹುದು. ಆದರೆ ಕೋಲು ಹಿಡಿದ ಕೈಯಿಂದ ಕ್ಯಾಮರಾವನ್ನು ಅಲುಗದಂತೆ ಹಿಡಿಯುವುದು ಹೇಗೆ? ಒಂದು ಊರಿನಲ್ಲಿ—ಹೆಸರು ಬೇಡ—ಕಾವಲುಗಾರನೊಬ್ಬನು ನನ್ನ ಮುಕ್ಕಾಲಿಯನ್ನು ಬಾಗಿಲಲ್ಲಿಯೇ ಇರಿಸಿಕೊಂಡು, ಊರುಗೋಲನ್ನು ಮೇಲೂ ಕೆಳಗೂ ಪರೀಕ್ಷಿಸಿ, ಬಹಳ ಯೋಚನೆಯ ಮೇಲೆ ಅದನ್ನು ಮಾತ್ರ ಒಳಕ್ಕೆ ಬಿಟ್ಟನು. ಎರಡು ಕಾಲು ಸಾಲದವನಿಗೆ ಮೂರು ಕಾಲು ನಿಷಿದ್ಧ! ಅಂಗವಿಕಲತೆಯ ಗುರುತಿನ ಚೀಟಿ ಇದ್ದವರಿಗೆ ಬಾಗಿಲಲ್ಲಿಯೇ ಅಪ್ಪಣೆ ಎಂದು ಒಂದು ಸಾಲಿನ ಆಜ್ಞೆ ಹೊರಟರೆ ಈ ತೊಡಕು ಬಿಡಿಸಿದಂತೆಯೇ.

ಮಡಿಕೇರಿಯ ದಸರೆಯು ಬೀದಿಯ ಛಾಯಾಗ್ರಾಹಕನಿಗೆ ವರ್ಷದ ಹಬ್ಬ. ನಾಲ್ಕು ಕರಗಗಳು ಬೀದಿಗೆ ಬರುವ ದಿನದಿಂದ ಹತ್ತು ಮಂಟಪಗಳು ರಾತ್ರಿಯಿಡೀ ಸಾಗುವ ವಿಜಯದಶಮಿಯವರೆಗೆ ಕಣ್ಣಿಗೆ ಬಿಡುವಿಲ್ಲ. ಆ ನೂಕುನುಗ್ಗಲಲ್ಲಿ ಊರುಗೋಲಿನವನು ಒಂದು ಗಳಿಗೆ ನಿಲ್ಲಲಾರ. ಗಾಲಿಕುರ್ಚಿಯ ಮಾತೇ ಬೇಡ. ಗಣ್ಯರಿಗೆಂದು ವೇದಿಕೆ ಕಟ್ಟುವ ಪದ್ಧತಿ ನಮ್ಮಲ್ಲಿದೆ. ಅವರಿಗೆ ಎತ್ತರ ಬೇಕು. ನಮಗೆ ಎತ್ತರ ಬೇಡ. ಬೀದಿಯ ಮಟ್ಟದಲ್ಲಿಯೇ, ಮಂಟಪಗಳು ಸಾಗುವ ದಾರಿಯ ಒಂದು ತಿರುವಿನಲ್ಲಿ, ಹಗ್ಗ ಕಟ್ಟಿದ ಇಪ್ಪತ್ತು ಅಡಿ ಜಾಗವೂ ಅದಕ್ಕೊಬ್ಬ ಪೋಲೀಸಿನವನೂ ಸಾಕು. ಅಲ್ಲಿಂದ ಬರುವ ಚಿತ್ರಗಳನ್ನು ನೋಡಿ ಆಮೇಲೆ ಚುರುಕುಗಾಲಿನ ಸಿದ್ಧಾಂತವನ್ನು ಚರ್ಚಿಸೋಣ.

ಪರರನ್ನು ಆಕ್ಷೇಪಿಸಿ ಮನೆಯವರನ್ನು ಬಿಟ್ಟರೆ ನ್ಯಾಯವಾಗದು. ನಮ್ಮ ಸಂಘವು ಬರುವ ತಿಂಗಳು ‘ನಮ್ಮ ಬೀದಿಗಳು’ ಎಂಬ ಛಾಯಾಚಿತ್ರ ಪ್ರದರ್ಶನವನ್ನು ಏರ್ಪಡಿಸಿದೆ. ನನ್ನ ಮೂರು ಚಿತ್ರಗಳನ್ನು ಆರಿಸಿರುವರೆಂದು ಕಾಗದ ಬಂದಿದೆ, ಉಪಕಾರವಾಯಿತು. ಪ್ರದರ್ಶನವು ಮೇಲಂತಸ್ತಿನ ಸಭಾಂಗಣದಲ್ಲಿ. ಅದಕ್ಕೆ ಇಪ್ಪತ್ತೆರಡು ಮೆಟ್ಟಿಲು. ನನ್ನ ಚಿತ್ರಗಳನ್ನು 누ರಾದರೂ ಎತ್ತಿಕೊಂಡು ಹೋಗುವರು. ನನ್ನನ್ನು ಎತ್ತಿಕೊಂಡು ಹೋಗುವುದಕ್ಕೆ ನಾನು ಒಪ್ಪುವುದಿಲ್ಲ. ಕೆಳಗಿನ ವಾಚನಾಲಯದ ಗೋಡೆಗಳು ಖಾಲಿಯಾಗಿವೆ, ಬೆಳಕೂ ಮೇಲಿನದಕ್ಕಿಂತ ಚೆನ್ನಾಗಿದೆ. ಅದರ ಬಾಗಿಲಿಗೆ ಎರಡು ಮೆಟ್ಟಿಲು ಮಾತ್ರ, ಒಟ್ಟು ಒಂದಡಿ, ಅಳೆದು ನೋಡಿದ್ದೇನೆ. ಹನ್ನೆರಡು ಅಡಿಯ ಹಲಗೆಗಳು ಬೇಕು. ನಮ್ಮ ತೋಟದಲ್ಲಿ ಕಳೆದ ಮಳೆಗೆ ಬಿದ್ದ ಒಂದು ಹಲಸಿನ ಮರವನ್ನು ಕೊಯ್ಯಿಸಿ ಇಟ್ಟಿದೆ, ಹಲಗೆ ನನ್ನದು. ಬಡಗಿಯನ್ನು ಗೊತ್ತುಮಾಡುವ ಭಾರವು ಕಾರ್ಯದರ್ಶಿಗಳದು.